ಗಿ ಇಲ್ಲದ ಯಾದಗಿರಿ

ಪಶ್ಚಿಮಕ್ಕೆ ಹೋಗಬೇಕಾಗಿದ್ದ ಹೆಂಗಸೊಬ್ಬರನ್ನು ಪೂರ್ವಕ್ಕೆ ಹೋಗುವ ರೈಲಿಗೆ ಹತ್ತಿಸಿ, ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಮನರಂಜನೆ ಕೊಟ್ಟು, ಬೇಡದ ಸ್ಟೇಷನ್ನಿನಲ್ಲಿ ಬುಟ್ಟಿ ಸಮೇತ ಇಳಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ರೈಲ್ವೆಯವರನ್ನೋ ಊರಿಗೆ ಹೆಸರಿಟ್ಟವರನ್ನೋ ಬೈಯುವ ಆಸೆ ನನಗೆ ಬರಲಾರದು. ಟಿಕೆಟ್ ಕೊಡುವವರು ಸರಿಯಾಗಿಯೇ ಕೇಳಿದ್ದರು. ಉತ್ತರ ಕೊಟ್ಟವನು ನಾನು.

ನಾನಿರುವುದು ಹೈದರಾಬಾದಿನ ಉಪ್ಪಲ್‌ನಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಕೆಲಸ ಮಾದಾಪುರದ ಒಂದು ಕಂಪನಿಯಲ್ಲಿ. ಗಿರಾಕಿಗಳು ಫೋನಿನಲ್ಲಿ ಬೈಯುತ್ತಾರೆ, ನಾನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತೇನೆ. ಕನ್ನಡದಲ್ಲಿ ಕ್ಷಮೆ ಕೇಳುವ ಕೆಲಸವನ್ನು ಬೆಂಗಳೂರಿನವರಿಗೆ ವಹಿಸಿದ್ದಾರೆ. ಅಪ್ಪ ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತರಾಗಿ, ಅವ್ವನ ಜೊತೆ ಹುಬ್ಬಳ್ಳಿಗೆ ಹೊರಟುಹೋದರು. ಕ್ವಾರ್ಟರ್ಸಿನಲ್ಲಿದ್ದ ಕನ್ನಡವೂ ಪಾತ್ರೆ ಪಡಗದ ಜೊತೆ ಅದೇ ಲಾರಿ ಹತ್ತಿತು. ಈಗ ಕನ್ನಡ ಎಂದರೆ ನನಗೆ ಭಾನುವಾರ ಸಂಜೆಯ ಹತ್ತು ನಿಮಿಷದ ಫೋನು.

ಇನ್ನು ನನ್ನ ಚಟ. ಯಾರ ದನಿ ಕಿವಿಗೆ ಬಿದ್ದರೂ ಅರ್ಧ ನಿಮಿಷದಲ್ಲಿ ಅದು ನನ್ನ ಬಾಯಿಂದ ಹೊರಗೆ ಬರಬೇಕು. ನಮ್ಮ ಮ್ಯಾನೇಜರು ಮೂಗಿನಿಂದ ರಜೆ ನಿರಾಕರಿಸುವುದು, ಮನೆ ಮಾಲೀಕರು ಎರಡು ಸಲ ಕೆಮ್ಮಿ ಬಾಡಿಗೆ ನೆನಪಿಸುವುದು, ಮೆಟ್ರೋದ ಹೆಂಗಸು ಬಾಗಿಲಿನಿಂದ ದೂರ ನಿಲ್ಲಿ ಎನ್ನುವುದು, ಎಲ್ಲ ನನ್ನ ಬಳಿ ಇವೆ. ಗೆಳೆಯರು ಹೊಟ್ಟೆ ಹಿಡಿದು ನಗುತ್ತಾರೆ. ನಕ್ಕು ಅವರವರ ಮನೆಗೆ ಹೋಗುತ್ತಾರೆ. ಆ ಭಾನುವಾರ ನಾವು ನಾಲ್ವರು ಯಾದಗಿರಿಗುಟ್ಟದ ನರಸಿಂಹಸ್ವಾಮಿಯ ದರ್ಶನಕ್ಕೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಆರಕ್ಕೆ ಒಬ್ಬನಿಗೆ ಹೊಟ್ಟೆನೋವು ಬಂತು, ಆರೂವರೆಗೆ ಇನ್ನೊಬ್ಬನಿಗೆ ಅತ್ತೆ ಬಂದರು, ಮೂರನೆಯವನು ಸುಳ್ಳು ಹೇಳುವ ಶ್ರಮವನ್ನೂ ಪಡದೆ ಫೋನಿಗೆ ಕೈ ಮುಗಿದ ಚಿತ್ರ ಕಳಿಸಿದ. ನಾನು ಹೊರಟೆ.

ಉಪ್ಪಲ್‌ನಿಂದ ಗುಟ್ಟಕ್ಕೆ ಬಸ್ಸುಗಳು ದಂಡಿಯಾಗಿವೆ, ಬುದ್ಧಿ ಇದ್ದವರು ಬಸ್ಸಿನಲ್ಲಿ ಹೋಗುತ್ತಾರೆ. ಆದರೆ ನಾಲ್ವರು ರೈಲಿನಲ್ಲಿ ಹರಟುತ್ತ ಹೋಗುವುದೆಂದು ಗೊತ್ತಾಗಿತ್ತಲ್ಲ, ಒಬ್ಬನೇ ಆದರೂ ಹಟಕ್ಕೆ ಬಿದ್ದು ಸಿಕಂದರಾಬಾದ್ ಸ್ಟೇಷನ್ನಿಗೇ ಹೋದೆ. ಏಳು ಗಂಟೆ. ಫೆಬ್ರವರಿ ಕೊನೆಯ ಚಳಿ ಇನ್ನೂ ಅರ್ಧ ಉಳಿದಿತ್ತು.

ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ನಲವತ್ತೈದರ ಆಸುಪಾಸಿನ ಹೆಂಗಸು ನಿಂತಿದ್ದರು. ಸಿಮೆಂಟು ತಿಂದು ಬಿಳಿಚಿದ ಬೆರಳು, ಕಂಕುಳಲ್ಲಿ ವಯರಿನ ಬುಟ್ಟಿ. ಬುಟ್ಟಿಯ ಬಾಯಲ್ಲಿ ಜೋಡಿ ತೆಂಗಿನಕಾಯಿ, ವೀಳ್ಯದೆಲೆ, ಹಾಳೆಯಲ್ಲಿ ಸುತ್ತಿದ ಹಸಿರು ಬಳೆ, ಮಡಿಕೆ ಮುರಿಯದ ಹಸಿರು ಸೀರೆ. ಅವರು ಕಿಂಡಿಗೆ ಬಾಗಿ, ಯಾದಗಿರಿಗೆ ಒಂದು ಚೀಟಿ ಕೊಡ್ರಿ ಎಂದರು. ಕನ್ನಡ. ಅದೂ ನಮ್ಮ ಮನೆಯ "ಐತಿ" ಕನ್ನಡವಲ್ಲ, "ಅದ" ಎನ್ನುವ ಕಡೆಯದು. ಮಾತಿನ ಕೊನೆಯನ್ನು ತುಸು ಮೇಲೆತ್ತಿ ಇಳಿಸುವ ಆ ಧಾಟಿ ನನ್ನ ಗಂಟಲಲ್ಲಿ ಆಗಲೇ ಕುಣಿಯತೊಡಗಿತ್ತು.

ಒಳಗಿದ್ದವರು ತಲೆ ಎತ್ತಿ ಕೇಳಿದರು: "ಗುಟ್ಟನಾ, ಕರ್ನಾಟಕನಾ?"

ಗುಟ್ಟ ಎಂದರೆ ತೆಲುಗಿನಲ್ಲಿ ಗುಡ್ಡ. ಪ್ರಶ್ನೆ ಸ್ಪಷ್ಟವಾಗಿತ್ತು: ದೇವರಿರುವ ಯಾದಗಿರಿಯೋ, ಕೃಷ್ಣೆ ಭೀಮೆಯ ಕಡೆಯ ಯಾದಗಿರಿಯೋ. ಆ ಹೆಂಗಸಿಗೆ ತೆಲುಗಿನ ವೇಗ ಸಿಗಲಿಲ್ಲ, ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಬುಟ್ಟಿ ನೋಡಿದೆ. ಕಾಯಿ, ಎಲೆ, ಬಳೆ, ಸೀರೆ. ಭಕ್ತೆಯಲ್ಲದೆ ಇನ್ನೇನು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಹೊಳೆದಿತ್ತು. ಆದರೆ ಕೇಳಿ, ಅವರು ಬೇರೆ ಕಡೆ ಹೋಗುವವರಾಗಿದ್ದರೆ, ಆ ಕನ್ನಡ ಅಲ್ಲಿಗೇ ಮುಗಿಯುತ್ತಿತ್ತು. "ಗುಟ್ಟನೇ, ಇಬ್ಬರಿಗೆ ಕೊಡಿ" ಎಂದು ತೆಲುಗಿನಲ್ಲಿ ಹೇಳಿ, ತಲೆಗೆ ಇಪ್ಪತ್ತರಂತೆ ಕೊಟ್ಟು ಚೀಟಿ ತೆಗೆದುಕೊಂಡೆ. ಆಮೇಲೆ ಅವರ ಕಡೆ ತಿರುಗಿ, ಎಡಗೈ ಎದೆಗಿಟ್ಟು, ಬಲಗೈಯನ್ನು ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ ಚಾಚಿ, "ಬರ್ರಿ ಅಕ್ಕಾರ, ನಾನೂ ಅಲ್ಲಿಗೇ ಹೊಂಟೀನಿ" ಎಂದೆ.

ಅವರ ಹೆಸರು ನಿಂಗಮ್ಮ. ಮಾದಾಪುರದ ಆಚೆ ಏಳುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಗೌಂಡಿ ಕೆಲಸ. ಊರಿಗೆ ಹೋಗುವುದೆಲ್ಲ ಗುಂಪಿನ ಜೊತೆ ಬಸ್ಸಿನಲ್ಲಿ. ರೈಲು ಇದೇ ಮೊದಲು, ಒಬ್ಬರೇ ಹೊರಟಿದ್ದೂ ಇದೇ ಮೊದಲು, ಏಕೆಂದರೆ ಅಂದು ಸ್ಲ್ಯಾಬ್ ಹಾಕುವ ದಿನ, ಮೇಸ್ತ್ರಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ರಜೆ ಕೊಟ್ಟಿದ್ದ. ಇಷ್ಟನ್ನು ಅವರು ರೈಲು ಹೊರಡುವ ಮುಂಚೆ ಹೇಳಿದರು. ಹೊರಟ ಮೇಲೆ ಹೇಳಲು ನಾನು ಬಿಡಲಿಲ್ಲ.

ಏಳೂ ನಲವತ್ತಕ್ಕೆ ಗಾಡಿ ಕದಲಿತು. ಭಾನುವಾರದ ಡಬ್ಬಿ ಅರ್ಧ ಖಾಲಿ. ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಮೌಲಾಲಿ ದಾಟುವಷ್ಟರಲ್ಲಿ ನಮ್ಮ ಮ್ಯಾನೇಜರನ್ನು ಮುಗಿಸಿದ್ದೆ. ಚರ್ಲಪಲ್ಲಿಯಲ್ಲಿ ಮನೆ ಮಾಲೀಕರು ಕೆಮ್ಮಿದರು. ಘಟಕೇಸರದಲ್ಲಿ, "ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ" ಎನ್ನುವ ಸ್ಟೇಷನ್ನಿನ ಹೆಂಗಸನ್ನು ಅಷ್ಟು ಚೆನ್ನಾಗಿ ತೆಗೆದೆ ಎಂದರೆ ಎದುರಿಗೆ ಕೂತಿದ್ದ ಒಬ್ಬರು ತಮ್ಮ ಚೀಲ ಎತ್ತಿಕೊಂಡು ಎದ್ದು ನಿಂತರು. ನಿಂಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಉಬ್ಬಿಹೋದೆ.

ಗಾಲಿಯ ಸದ್ದಿನ ನಡುವೆ ಅವರು ಒಮ್ಮೆ, ವಾಡಿ ಬಂತೇನಪ ಎಂದು ಕೇಳಿದರು. ನನ್ನ ಕಿವಿಗೆ ವಡಾ ಎಂದು ಬಿತ್ತು. ಬರ್ತೈತ್ರಿ, ಈ ಲೈನಿನಾಗ ಭಾಳ ಚಲೋ ಇರ್ತೈತಿ ಎಂದೆ. ಬೀಬಿನಗರದಲ್ಲಿ ವಡೆಯವನು ಹತ್ತಿದ. ನಾಲ್ಕು ಕೊಂಡು, ಹಾಳೆಯ ಸಮೇತ ಅವರ ಕೈಗಿಟ್ಟು, ತಗೋರಿ, ಬಂತು ಎಂದೆ. ಅವರು ವಡೆ ನೋಡಿದರು, ನನ್ನನ್ನು ನೋಡಿದರು, ಕಿಟಕಿಯಾಚೆ ನೋಡಿದರು, ತಿಂದರು. ಹೈದರಾಬಾದಿನಿಂದ ಕರ್ನಾಟಕದ ಯಾದಗಿರಿಗೆ ಹೋಗುವವರು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುತ್ತಾರೆ ಎಂಬುದು ಕನ್ನಡ ಓದುವ ಮಕ್ಕಳಿಗೂ ಗೊತ್ತಿರಬಹುದು. ನನಗೂ ಗೊತ್ತಿತ್ತು. ಅವರ ಮಾತಿನ ಧಾಟಿ ಹಿಡಿಯುವುದರಲ್ಲಿ ಮುಳುಗಿದ್ದೆ, ಮಾತು ಹಿಡಿಯಲಿಲ್ಲ.

ಭುವನಗಿರಿ ಹತ್ತಿರ ಬಂದಾಗ ಬಲಕ್ಕೋ ಎಡಕ್ಕೋ ಎಂದು ಹುಡುಕಬೇಕಾಗಿಲ್ಲ, ಇಡೀ ಊರಿನ ಮೇಲೆ ಒಂದೇ ಬಂಡೆ ಕೂತಿರುತ್ತದೆ, ನೆತ್ತಿಯಲ್ಲಿ ಕೋಟೆ. ನಿಂಗಮ್ಮ ಎದ್ದು ನಿಂತು ಬುಟ್ಟಿ ಎತ್ತಿಕೊಂಡರು. ಯಾದಗಿರಿಯಲ್ಲೂ ಕೋಟೆ ಗುಡ್ಡ ಇದೆ, ಅದೇ ಬಂತೆಂದುಕೊಂಡರು. ಇಷ್ಟು ಬೇಗ ಹೇಗೆ ಬಂತೆಂದು ಬೆರಗಾದರು. ಇದಲ್ಲ, ನಮ್ಮದು ಮುಂದಿನದು ಎಂದೆ. ಅವರು ಬಂಡೆಯನ್ನು ಮತ್ತೊಮ್ಮೆ ದಿಟ್ಟಿಸಿ, ಹೌದು, ನಮ್ಮ ಗುಡ್ಡ ಇಷ್ಟು ಬೋಳಲ್ಲ, ಇದನ್ನ ಯಾರೋ ಬೋಳಿಸ್ಯಾರ ಎಂದು ಕೂತರು. ಗುಟ್ಟದಲ್ಲಿ ಜನ ಮುಡಿ ಕೊಡುತ್ತಾರಲ್ಲ, ಗುಡ್ಡವೂ ಕೊಟ್ಟಿದೆ ಎಂದು ನಾನು ಜೋಡಿಸಿದೆ. ಇಬ್ಬರೂ ನಕ್ಕೆವು, ಬೇರೆ ಬೇರೆ ಗುಡ್ಡಕ್ಕೆ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಇಳಿದೆವು.

ಲಕ್ಷಾಂತರ ಜನ ಹೋಗುವ ದೇವರಿಗೆ ಇಷ್ಟು ಒಂಟಿ ಸ್ಟೇಷನ್ ಇರುತ್ತದೆಂದು ನಾನು ಎಣಿಸಿರಲಿಲ್ಲ. ಮೊದಲು ಇದು ರಾಯಗಿರಿ, ಈಗ ಬೋರ್ಡಿನ ಮೇಲೆ ಯಾದಾದ್ರಿ. ಭಕ್ತರೆಲ್ಲ ಬಸ್ಸಿನಲ್ಲೂ ಕಾರಿನಲ್ಲೂ ನೇರ ಗುಡ್ಡಕ್ಕೆ ಹೋಗಿಬಿಡುತ್ತಾರೆ, ಸ್ಟೇಷನ್ನು ಐದಾರು ಕಿಲೋಮೀಟರ್ ಈಚೆ ಬಿಸಿಲಿನಲ್ಲಿ ಕಾಯುತ್ತಿರುತ್ತದೆ. ನಮ್ಮ ಜೊತೆ ಇಳಿದವರು ಏಳೆಂಟು ಮಂದಿ. ಅವರನ್ನು ಹೊರಗಿದ್ದ ಮೂರು ಆಟೋಗಳು ನುಂಗಿ ಹೊರಟವು. ಬೋಳಿಸಿದ ತಲೆಗೆ ಗಂಧ ಬಳಿದುಕೊಂಡ ಒಂದು ಕುಟುಂಬ ಬೆಂಚಿನ ಮೇಲೆ ಪುಳಿಹೋರದ ಪೊಟ್ಟಣ ಬಿಚ್ಚುತ್ತಿತ್ತು. ದೂರದಲ್ಲಿ ಗುಡ್ಡ, ಅದರ ಮೇಲೆ ಕಪ್ಪು ಕಲ್ಲಿನ ಗೋಪುರಗಳು. ಗಾಡಿ ಹೋದ ಮೇಲೆ ಹಳಿಗಳು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾದವು.

ನಿಂಗಮ್ಮ ಬೋರ್ಡಿನ ಕೆಳಗೆ ನಿಂತಿದ್ದರು. ಕೂಲಿಯವರಿಗೆಂದು ಯಾರೋ ಸಂಜೆ ಹೊತ್ತು ಅಕ್ಷರ ಕಲಿಸಿದ್ದರಂತೆ, ನಿಧಾನವಾಗಿ ಓದುತ್ತಾರೆ. ತೆಲುಗು ಅಕ್ಷರ ಕನ್ನಡದ ಅಕ್ಕನೋ ತಂಗಿಯೋ, ಕಣ್ಣಿಗೆ ಮೋಸ ಮಾಡುತ್ತದೆ. ಬೆರಳು ಎತ್ತಿ ಓದಿದರು. ಯಾ. ದಾ. ಅಲ್ಲಿಗೆ ಬೆರಳು ನಿಂತಿತು.

"ತಮ್ಮಾ, ಇಲ್ಲಿ ಗಿ ಎಲ್ಲಿ ಹೋತು?"

ಯಾವ ಗಿ ಎಂದೆ.

"ಯಾದಗಿರಿ ಅಂದ್ರ ಗಿ ಇರ್ಬೇಕಲ್ಲ. ಗಿ ಇಲ್ಲ. ಆ ಗ್ವಾಡಿ ಮ್ಯಾಲಿನ ಅಕ್ಷರಕ್ಕೆಲ್ಲ ಜುಟ್ಟ ಬಂದಾವ." ಸ್ವಾಗತ ಎಂದು ತೆಲುಗಿನಲ್ಲಿ ಬರೆದಿದ್ದ ಗೋಡೆಯನ್ನು ತೋರಿಸಿದರು. ಅಕ್ಷರಗಳ ನೆತ್ತಿಯಲ್ಲಿ ತೆಲುಗಿನ ಆ ಸಣ್ಣ ಕೊಂಕು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಇದು ಯಾವೂರಪ್ಪ?"

ಹೇಳಿದೆ. ಆಮೇಲೆ ಅವರು ಹೇಳಿದರು, ಆಗ ನನಗೂ ತಿಳಿಯಿತು. ಬುಟ್ಟಿಯಲ್ಲಿದ್ದದ್ದು ದೇವರಿಗಲ್ಲ, ಮಗಳಿಗೆ. ಬಸುರಿ ಮಗಳು ರೇಣುಕಾಳ ಕುಬಸ ಅಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಾದಗಿರಿ ಪೇಟೆಯಲ್ಲಿ, ಅತ್ತೆಯ ಮನೆಯಲ್ಲಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕಾದವರು ತವರಿನವರು. ತವರು ಎಂದರೆ ಅಂದಿಗೆ ಈ ಬುಟ್ಟಿ ಮತ್ತು ಈ ಹೆಂಗಸು. ಮದುವೆಗೂ ಅವರು ತಡವಾಗಿ ಮುಟ್ಟಿದ್ದರಂತೆ. ಆಗಲೂ ಮೇಸ್ತ್ರಿ, ಆಗಲೂ ರಜೆ. ಇವತ್ತೂ ತಡವಾದರೆ ಮಗಳು ಆ ಮನೆಯಲ್ಲಿ ಇರುವಷ್ಟು ದಿನ ಅದೇ ಮಾತು ಕೇಳಬೇಕು. ಇದನ್ನು ಅವರು ಬೈದು ಹೇಳಲಿಲ್ಲ. ಬೋರ್ಡಿನ ಕಂಬ ಹಿಡಿದುಕೊಂಡು ಹೇಳಿದರು, ಅಷ್ಟೇ.

ನಾನು ಕ್ಷಮೆ ಕೇಳಿದೆ. ನಿಮಗಾದ ತೊಂದರೆಗೆ ವಿಷಾದವಿದೆ, ಕೂಡಲೇ ಸರಿಪಡಿಸುತ್ತೇವೆ ಎಂಬ ಧಾಟಿಯಲ್ಲಿ ಒಂದೂ ತಡವರಿಸದೆ ಕೇಳಿದೆ. ನಿಂಗಮ್ಮ ನನ್ನ ಮುಖ ನೋಡಿ, ಇದನ್ನ ದಿನಾ ಹೇಳ್ತಿ ಕಾಣ್ತದ, ಭಾಳ ಸಾಫ್ ಬರ್ತದ ಎಂದರು.

ಟಿಕೆಟ್ ಕೋಣೆಯಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ನಮ್ಮ ಕಥೆ ಕೇಳಿ ಅವರು ನಗಲಿಲ್ಲ, ನಗಬೇಕಾದ ವಯಸ್ಸನ್ನು ದಾಟಿದಂತಿತ್ತು. ಕಾಗದದ ಚೂರಿನ ಮೇಲೆ ಬರೆದುಕೊಟ್ಟರು: ಹತ್ತೂಕಾಲಿಗೆ ಸಿಕಂದರಾಬಾದಿಗೆ ಗಾಡಿ, ಅಲ್ಲಿಂದ ಹನ್ನೆರಡೂವರೆಗೆ ವಾಡಿಗೆ, ವಾಡಿಯಲ್ಲಿ ತಡವಾಗದಿದ್ದರೆ ಆರರ ಸುಮಾರಿಗೆ ಯಾದಗಿರಿ. ಆಟೋ ಹಿಡಿದು ಬಸ್ಸಿಗೆ ಹೋದರೂ ಇದಕ್ಕಿಂತ ಬೇಗ ಆಗದು ಎಂದರು. ಚೂರನ್ನು ನನ್ನ ಕೈಗೆ ಕೊಡಲು ಬಂದವರು ಮನಸ್ಸು ಬದಲಿಸಿ ನಿಂಗಮ್ಮನ ಕೈಗೆ ಕೊಟ್ಟರು.

ಬೀಗತಿಗೆ ಏನು ಹೇಳುವುದು ಎಂಬುದು ಉಳಿಯಿತು. ಅದು ನನ್ನ ಮೇಲಿರಲಿ ಎಂದೆ. ನಂಬರು ಪಡೆದು, ಗಂಟಲು ಸರಿಮಾಡಿಕೊಂಡು, ತೆಲುಗು ಬೆರೆತ ದಪ್ಪ ಕನ್ನಡದಲ್ಲಿ, ನಾನು ಸ್ಟೇಷನ್ ಮಾಸ್ಟರ್ ಮಾತಾಡ್ತಿರೋದು, ದಾರಿಯಲ್ಲಿ ಗಾಡಿ ನಿಂತಿದೆ, ನಿಮ್ಮ ಸಂಬಂಧಿಕರು ತಡವಾಗಿ ಬರುತ್ತಾರೆ ಎಂದು ಶುರು ಮಾಡಿದೆ. ಪಕ್ಕದಲ್ಲಿ ನಿಂಗಮ್ಮ ಬೇಡ ಬೇಡ ಎಂದು ನನ್ನ ತೋಳು ಎಳೆಯುತ್ತಿದ್ದರು. ಆ ಕಡೆ ಸಾವಕಾಶವಾದ ಒಂದು ದನಿ.

"ಮಾಸ್ತರ್ರ, ನಿಮ್ಮ ಹಿಂದ ನಮ್ಮ ಬೀಗತಿ ಬ್ಯಾಡೋ ಬ್ಯಾಡೋ ಅನ್ನೂದು ಕೇಳಸ್ತದ. ಫೋನ್ ಅವ್ರಿಗಿ ಕೊಡ್ರಿ."

ಕೊಟ್ಟೆ. ನಿಂಗಮ್ಮ ಇದ್ದದ್ದನ್ನು ಇದ್ದಂತೆ ಹೇಳಿದರು: ತಪ್ಪಿ ದೇವರ ಯಾದಗಿರಿಗೆ ಬಂದಿದ್ದೇನೆ, ಆರಕ್ಕೆ ಮುಟ್ಟುತ್ತೇನೆ. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಫೋನು ವಾಪಸು ಕೊಡುವಾಗ ನಿಂಗಮ್ಮ, ಏಳರತನ ಕಾಯ್ತಾರಂತ, ಏಳು ದಾಟಿದ್ರ ಓಣಿಯವರ ಕೈಲೇ ಬಳಿ ತೊಡಸ್ತಾರಂತ ಎಂದರು. ಅಷ್ಟು ಹೇಳಿ ಬುಟ್ಟಿಯಲ್ಲಿದ್ದ ಬಳೆಗಳನ್ನು ಹಾಳೆಯ ಮೇಲಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡರು.

ಗಾಡಿಗೆ ಇನ್ನೂ ಒಂದು ತಾಸು ಇತ್ತು. ಬಿಸಿಲು ಏರುತ್ತಿತ್ತು. ನೀ ಹೋಗಿ ದೇವರ ನೋಡಿ ಬಾ, ನಾ ಇಲ್ಲೇ ಕೂಡ್ತೀನಿ ಎಂದರು. ನಾನು ಹೋಗಲಿಲ್ಲ. ಅವರನ್ನು ಬಿಟ್ಟು ಹೋಗಲು ನಾಚಿಕೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ ಗುಡ್ಡದ ಮೇಲೆ ನಾನು ಒಬ್ಬನೇ ಆಗುತ್ತಿದ್ದೆ. ಅವರು ಬುಟ್ಟಿಯ ತಳದಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ನನ್ನ ಕಡೆ ಚಾಚಿದರು. ನನ್ನ ವಡೆಗೆ ಅದು ಉತ್ತರ ಎಂದುಕೊಂಡು ತಿಂದೆ. ಆಮೇಲೆ ಅವರು ಗುಡ್ಡದ ಕಡೆ ತಿರುಗಿ ಕೈ ಮುಗಿದು, ನಿನ್ನ ನೋಡ್ಲಕ ಬಂದಿಲ್ಲಪ, ಇಂವ ಕರ್ಕೊಂಡು ಬಂದಾನ, ಸಿಟ್ಟಾಗಬ್ಯಾಡ ಎಂದು ದೇವರಿಗೆ ವರದಿ ಒಪ್ಪಿಸಿದರು.

ಬೋಳು ತಲೆಯ ಕುಟುಂಬವನ್ನು ನೋಡುತ್ತ ಅವರು, ಎಲ್ಲರೂ ಜೋಡಾಗಿ ಬಂದಾರ, ನೀ ಯಾಕ ಒಬ್ಬಾವ್ನ ಎಂದು ಕೇಳಿದರು. ನನ್ನ ಹತ್ತಿರ ಇದಕ್ಕೊಂದು ಸಿದ್ಧ ಉತ್ತರ ಇದೆ. ನನ್ನೊಳಗ ಹತ್ತು ಮಂದಿ ಅದಾರ್ರಿ ಎಂದೆ.

"ಹತ್ತೂ ಮಂದಿ ಮಾತಾಡೋರ," ಎಂದರು ನಿಂಗಮ್ಮ. "ಕೇಳಾಂವ ಒಬ್ಬನೂ ಇಲ್ಲ."

ಗಾಡಿ ಐದು ನಿಮಿಷ ತಡವಾಗಿ ಬಂತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ. ಭುವನಗಿರಿಯ ಬಂಡೆ ಈಗ ಇನ್ನೊಂದು ಕಿಟಕಿಯಲ್ಲಿ ಬಂದು ಹೋಯಿತು. ನಿಂಗಮ್ಮ ಬೀಬ್ಲಿನಗರ ಎಂದು ಬೇಕೆಂದೇ ತಪ್ಪಾಗಿ ಹೇಳಿ ನನ್ನನ್ನು ಮಾತಿಗೆಳೆಯಲು ನೋಡಿದರು, ನಾನು ಬೀಬಿನಗರ ಎಂದಷ್ಟೇ ಹೇಳಿದೆ. ಘಟಕೇಸರ ದಾಟಿದ ಮೇಲೆ ಅವರು ಎದುರಿಗೆ ಕೂತಿದ್ದ ಇಬ್ಬರು ಹೆಂಗಸರಿಗೆ ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ನಡೆದದ್ದನ್ನು ಹೇಳತೊಡಗಿದರು. ನನ್ನ ಭಾಗ ಬಂದಾಗ ಎಡಗೈ ಎದೆಗಿಟ್ಟು, ಬಲಗೈ ಚಾಚಿ, ಕತ್ತು ತುಸು ಓರೆ ಮಾಡಿ, "ಬರ್ರಿ ಅಕ್ಕಾರ, ನಾನೂ ಅಲ್ಲಿಗೇ ಹೊಂಟೀನಿ" ಎಂದರು. ನನ್ನ ದನಿ. ಕೊನೆಯ ಅಕ್ಷರದಲ್ಲಿ ನಾನು ಉಸಿರು ಎಳೆದುಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ, ಅದೂ ಅದರಲ್ಲಿತ್ತು. ಹೆಂಗಸರು ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕರು.

ಶಾಲೆಯ ದಿನಗಳಿಂದ ಊರವರನ್ನೆಲ್ಲ ಅಣಕ ಮಾಡಿದ್ದೇನೆ. ನನ್ನನ್ನು ಅಣಕ ಮಾಡಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಅಣಕ ಮಾಡಬೇಕೆಂದರೆ ಆ ಮನುಷ್ಯನನ್ನು ಸ್ವಲ್ಪ ಹೊತ್ತಾದರೂ ನೆಟ್ಟು ನೋಡಿರಬೇಕು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಚರ್ಲಪಲ್ಲಿಯ ಗೋದಾಮುಗಳಲ್ಲಿ ನೋಡುವಂಥದ್ದೇನೂ ಇಲ್ಲ, ಆದರೂ ನೋಡಿದೆ.

ಸಿಕಂದರಾಬಾದಿನಲ್ಲಿ ಹೊಸ ಚೀಟಿ ಅವರೇ ತೆಗೆಸಿದರು. ಕಿಂಡಿಗೆ ಬಾಗಿ, ಕರ್ನಾಟಕ, ಕರ್ನಾಟಕ ಎಂದು ಎರಡು ಸಲ ಹೇಳಿದರು. ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸಿಕ್ಕಿತು. ಪಕ್ಕದಲ್ಲಿ ಕೂತವರು ವಾಡಿಯವರೇ, ಅಲ್ಲಿ ತಾವೇ ಇಳಿಸುತ್ತೇವೆ ಎಂದರು. ಗಾಡಿ ಹೋದ ಮೇಲೆ ಮೆಟ್ರೋ ಹಿಡಿದು ಉಪ್ಪಲ್‌ಗೆ ಬಂದೆ. ಬಾಗಿಲಿನಿಂದ ದೂರ ನಿಲ್ಲಿ ಎಂದು ಆ ಹೆಂಗಸು ಹೇಳಿದಳು. ನಾನು ಅಣಕಿಸದೆ ದೂರ ನಿಂತೆ.

ಮಧ್ಯಾಹ್ನ ಮಲಗಲು ನೋಡಿದೆ. ಐದಕ್ಕೆ ವಾಡಿ ಎಂದು ಎದ್ದು ಕೂತೆ. ಆರಕ್ಕೆ ಯಾದಗಿರಿ. ಹುಬ್ಬಳ್ಳಿಯಿಂದ ಅವ್ವನ ಫೋನು ಬಂತು. ದೇವರು ಚೆನ್ನಾಗಿ ಕಂಡನೇ ಎಂದು ಕೇಳಿದಳು, ದೂರದಿಂದ ಎಂದೆ. ಏಳಾಯಿತು. ಏಳೂವರೆಗೆ ತಡೆಯಲಾಗದೆ ಬೀಗತಿಯ ನಂಬರು ಒತ್ತಿದೆ. ಎತ್ತಿದವರು, ಏನ್ರಿ ಮಾಸ್ತರ್ರ, ಗಾಡಿ ಇನ್ನೂ ನಿಂತದೇನು ಎಂದರು. ಅವರ ಹಿಂದೆ ಹೆಂಗಸರು ಸೋಬಾನೆ ಹಾಡುತ್ತಿದ್ದರು, ಬಳೆಗಳ ಸದ್ದಿತ್ತು. ಫೋನು ನಿಂಗಮ್ಮನ ಕೈಗೆ ಹೋಯಿತು. ಆರೂ ಮುಕ್ಕಾಲಿಗೆ ಮುಟ್ಟಿದರಂತೆ. ದೀಪ ಹಚ್ಚಿ ಕಾಯುತ್ತಿದ್ದರಂತೆ. ರೇಣುಕಾಳ ಕೈಗೆ ಬಳೆ ಸರಿಹೋದವಂತೆ. ಎರಡು ಯಾದಗಿರಿಯ ಕಥೆಯನ್ನು ಮನೆ ಮಂದಿ ಆಗಲೇ ಮೂರು ಸಲ ಹೇಳಿಸಿದ್ದರಂತೆ, ಪ್ರತಿ ಸಲವೂ ನನ್ನ ಕೈ ಚಾಚುವುದರ ಸಮೇತ.

ಇಲ್ಲಿಗೆ ಫೋನು ಇಡಬಹುದಾಗಿತ್ತು. ಇಡಲು ಮನಸ್ಸು ಬರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ, ತವರು ಎಂದರೆ ಈಗ ಹೈದರಾಬಾದು, ಹಾಗಾದರೆ ಮಗಳನ್ನು ಕರೆತರುವಾಗ ಸ್ಟೇಷನ್ನಿಗೆ ನಾನೇ ಬರುತ್ತೇನೆ, ಆಸ್ಪತ್ರೆಗೂ ದಾರಿ ತೋರಿಸುತ್ತೇನೆ ಎಂದೆ. ಯಾರ ದನಿಯಲ್ಲೂ ಹೇಳಲಿಲ್ಲ, ಸುಮ್ಮನೆ ಹೇಳಿದೆ. ಆ ಕಡೆ ಸೋಬಾನೆ ಒಂದು ಸಾಲು ಮುಗಿದು ಇನ್ನೊಂದು ಸಾಲಿಗೆ ಹತ್ತಿತು.

"ಬ್ಯಾಡೋ ತಮ್ಮಾ," ಎಂದರು ನಿಂಗಮ್ಮ. "ನೀ ದಾರಿ ತೋರ್ಸಿದ್ರ ನಮ್ಮ ಕೂಸು ಬ್ಯಾರೆಯವರ ಮನ್ಯಾಗ ಹುಟ್ತದ."